ಲಿಪಿಕಾರನ ತಪ್ಪು

ಹುಡುಗ ಕಳಿಸಿದ್ದು ನಾಲ್ಕು ಪುಟ. ಅದಕ್ಕೆ ನಾನು ಹಾಕಿದ್ದು 43 ಕಾಮೆಂಟು.

ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಡಾಕ್ಯುಮೆಂಟೇಶನ್ ತಿದ್ದೋದು ನನ್ನ ಕೆಲಸ. ಊರಲ್ಲಿ ಇದನ್ನ ವಿವರಿಸೋಕೆ ಹೋಗಿ ಸುಮಾರು ಸಲ ಸೋತಿದ್ದೀನಿ. ಎಂಜಿನಿಯರ್‌ಗಳು ಮಾಡಿದ ಸಾಫ್ಟ್‌ವೇರನ್ನು ಬಳಸುವವರು ಓದಿಕೊಳ್ಳಲಿ ಅಂತ ಪುಟಗಟ್ಟಲೆ ಸೂಚನೆಗಳಿರುತ್ತವೆ, ಅವುಗಳ ಕಾಮಾ, ಫುಲ್‌ಸ್ಟಾಪು, ವಾಕ್ಯ ಸರಿ ಮಾಡ್ತೀನಿ ಅಂದಾಗ ನಮ್ಮ ಸೋದರತ್ತೆ ‘ಅದಕ್ಕೂ ಸಂಬಳ ಕೊಡ್ತಾರೇನೇ?’ ಅಂತ ಕೇಳಿದ್ದರು. ಕೊಡ್ತಾರೆ ಅತ್ತೆ. ಆದರೆ ಆ ಪ್ರಶ್ನೆ ಈಚೆಗೆ ಬೇರೆ ರೀತಿಯಲ್ಲಿ ನನ್ನನ್ನ ಕಾಡ್ತಾ ಇದೆ. ಇನ್ನೊಬ್ಬರು ಬರೆದ ವಾಕ್ಯಕ್ಕೆ ಕೈ ಹಾಕೋ ಹಕ್ಕು ನನಗೆ ಎಲ್ಲಿಂದ ಬಂತು? ನಾನು ತಿದ್ದಿದ ಮೇಲೆ ಆ ವಾಕ್ಯ ಯಾರದ್ದು?

ಆ ಹುಡುಗ ಹೊಳಲ್ಕೆರೆ ಕಡೆಯವನು. ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಟೀಮಿಗೆ ಸೇರಿ ಎಂಟು ತಿಂಗಳಾಗಿತ್ತು. ನಾನು ಹೊಸದುರ್ಗದವಳು ಅಂತ ಗೊತ್ತಾದ ದಿನದಿಂದ ಅವನ ಬಾಯಲ್ಲಿ ‘ಮೇಡಂ’ ಹೋಗಿ ‘ಅಕ್ಕಾ’ ಬಂದಿತ್ತು. ಅದೂ ಕ್ಯಾಂಟೀನಿನಲ್ಲಿ ಮಾತ್ರ, ಮೀಟಿಂಗಿನಲ್ಲಿ ಮತ್ತೆ ಮೇಡಂ. ಹಳೇ ಸರ್ವರಿನಿಂದ ಹೊಸದಕ್ಕೆ ಡೇಟಾ ಸಾಗಿಸೋದು ಹೇಗೆ ಅಂತ ಗ್ರಾಹಕರಿಗೆ ತಿಳಿಸುವ ಪುಟಗಳನ್ನ ಅವನಿಗೆ ಬರೆಯೋಕೆ ಕೊಟ್ಟಿದ್ದರು. ಇಂಗ್ಲಿಷು ಒರಟಾಗಿತ್ತು. ನನಗೆ ಕೈ ತುಂಬ ಕೆಲಸ.

‘ಕ್ಲಿಕ್ ಆನ್’ ಬೇಡ, ‘ಕ್ಲಿಕ್’ ಸಾಕು. ‘ಪ್ಲೀಸ್’ ತೆಗಿ. ಪಟ್ಟಿಯಲ್ಲಿ ಕೊನೆಯ ‘ಆಂಡ್’ಗೆ ಮುಂಚೆ ಕಾಮಾ ಹಾಕು. ಒಂದು ಹೆಜ್ಜೆಗೆ ಒಂದೇ ವಾಕ್ಯ. ಇವೆಲ್ಲ ನನ್ನ ತಲೆಯಿಂದ ಹುಟ್ಟಿದವಲ್ಲ. ಮೈಕ್ರೋಸಾಫ್ಟ್, ಗೂಗಲ್ ಅಂಥ ಕಂಪನಿಗಳು ತಮ್ಮ ಸ್ಟೈಲ್ ಗೈಡುಗಳನ್ನ ಎಲ್ಲರಿಗೂ ತೆರೆದಿಟ್ಟಿವೆ, ನಮ್ಮಂಥವರು ಅವನ್ನೇ ನೋಡಿ ನಮ್ಮದೊಂದು ಮಾಡಿಕೊಂಡಿದ್ದೀವಿ. ಆ ನಮ್ಮ ಗೈಡಿನಲ್ಲಿ ಇನ್ನೊಂದು ನಿಯಮ ಇದೆ: ಅನುಮಾನದ ಮಾತು ಬೇಡ, ಖಚಿತವಾಗಿ ಬರೆಯಿರಿ.

ಹುಡುಗ ಒಂದು ಕಡೆ ಬರೆದಿದ್ದು ಕನ್ನಡದಲ್ಲಿ ಹೇಳೋದಾದರೆ ಹೀಗಿತ್ತು: ‘ಬ್ಯಾಕಪ್ ಸಾಮಾನ್ಯವಾಗಿ ಸುಮಾರು ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಅದಾದ ಮೇಲೆ ಹಳೇ ಫೋಲ್ಡರನ್ನು ಡಿಲೀಟ್ ಮಾಡಬಹುದು ಅಂತ ನನಗನ್ನಿಸುತ್ತದೆ.’ ಒಂದು ವಾಕ್ಯದಲ್ಲಿ ನಾಲ್ಕು ಅನುಮಾನ: ಸಾಮಾನ್ಯವಾಗಿ, ಸುಮಾರು, ಬಹುದು, ಅನ್ನಿಸುತ್ತದೆ. ನಾನು ನಾಲ್ಕನ್ನೂ ಕಿತ್ತೆ. ಉಳಿದದ್ದು ಎರಡು ಚೊಕ್ಕ ವಾಕ್ಯ: ‘ಬ್ಯಾಕಪ್ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ನಂತರ ಹಳೆಯ ಫೋಲ್ಡರನ್ನು ಡಿಲೀಟ್ ಮಾಡಿ.’ ನಿಜ ಹೇಳ್ತೀನಿ, ಆ ತಿದ್ದುಪಡಿ ಮಾಡಿದಾಗ ನನಗೆ ಖುಷಿಯಾಗಿತ್ತು. ಹಿತ್ತಲು ಗುಡಿಸಿ ನೀರು ಹಾಕಿದ ಹಾಗೆ.

ಹುಡುಗ 43ಕ್ಕೂ ‘ಅಕ್ಸೆಪ್ಟ್’ ಒತ್ತಿದ. ಪುಟ ಪ್ರಕಟ ಆಯ್ತು.

ಮೂರು ವಾರದ ಮೇಲೆ ಒಬ್ಬ ಗ್ರಾಹಕರ ಆಫೀಸಿನಲ್ಲಿ ಅದನ್ನು ಓದಿದವರು ಓದಿದ ಹಾಗೇ ಮಾಡಿದರು. ಅವರ ಡೇಟಾ ದೊಡ್ಡದು. ಹತ್ತು ನಿಮಿಷ ಆಯ್ತು, ಗಡಿಯಾರ ನೋಡಿದರು, ಡಿಲೀಟ್ ಮಾಡಿದರು. ಬ್ಯಾಕಪ್ ಇನ್ನೂ ಅರ್ಧವೂ ಆಗಿರಲಿಲ್ಲ. ಹಿಂದಿನ ಪ್ರತಿಯೊಂದು ಬೇರೆ ಕಡೆ ಇದ್ದದ್ದರಿಂದ ಬಹುಪಾಲು ವಾಪಸ್ ಸಿಕ್ಕಿತು, ಕೊನೆಯ ಎರಡು ದಿನದ್ದು ಸಿಗಲಿಲ್ಲ. ಆ ಎರಡು ದಿನದ ಎಂಟ್ರಿಗಳನ್ನ ಅಲ್ಲಿನ ಕ್ಲರ್ಕುಗಳು ಕಾಗದದ ಚೀಟಿ ನೋಡಿಕೊಂಡು ವಾರಪೂರ್ತಿ ರಾತ್ರಿ ಕೂತು ಮತ್ತೆ ಟೈಪ್ ಮಾಡಿದರು ಅಂತ ಆಮೇಲೆ ಗೊತ್ತಾಯ್ತು.

ಪುಟದ ಕೆಳಗೆ ಲೇಖಕನ ಹೆಸರು ಇರುತ್ತೆ, ತಿದ್ದಿದವರ ಹೆಸರು ಇರಲ್ಲ. ಮೀಟಿಂಗಿನಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ. ಈಗಿನ ಪದ್ಧತಿಯೇ ಹಾಗೆ, ತಪ್ಪು ವ್ಯವಸ್ಥೆಯದ್ದು, ವ್ಯಕ್ತಿಯದ್ದಲ್ಲ ಅಂತ. ಒಳ್ಳೇ ಪದ್ಧತಿಯೇ. ಆದರೆ ಸ್ಕ್ರೀನಿನ ಮೇಲೆ ಆ ಪುಟ ತೆರೆದಿತ್ತು, ಕೆಳಗೆ ಒಂದೇ ಹೆಸರು ಇತ್ತು. ಹುಡುಗ ತಲೆ ತಗ್ಗಿಸಿ ‘ಸಾರಿ, ನಾನು ಇನ್ನೂ ಹುಷಾರಾಗಿ ಬರೀಬೇಕಿತ್ತು’ ಅಂದ. ಗುರುವಾರ ಅದು. ನಾನು ಬಾಯಿ ಬಿಡಲಿಲ್ಲ. ಶುಕ್ರವಾರವೂ ಬಿಡಲಿಲ್ಲ. ಶುಕ್ರವಾರ ರಾತ್ರಿ ಊರಿನ ಬಸ್ಸು ಹತ್ತಿದೆ.

ತುಮಕೂರು, ಶಿರಾ ದಾಟಿ ಹಿರಿಯೂರಿಗೆ ಬರೋವರೆಗೂ ಮನಸ್ಸಿನಲ್ಲಿ ನನ್ನ ಪರ ನಾನೇ ವಾದ ಮಾಡ್ತಾ ಇದ್ದೆ. ಮೊದಲನೇ ವಾದ: ನನ್ನ ಕೆಲಸ ಚಿಕ್ಕದಲ್ಲ. ಚುಕ್ಕೆ, ಕಾಮಾ ಅಂದರೆ ತಮಾಷೆ ಅಲ್ಲ.

ಇದು ನಿಜವೂ ಹೌದು. ಯುನಿಕ್ಸ್ ಕಾಲದ ‘ವಿಐ’ ಅನ್ನೋ ಎಡಿಟರ್ ಎಷ್ಟೋ ಜನಕ್ಕೆ ಗೊತ್ತು. ಅದರಲ್ಲಿ ‘ಡಿಡಿ’ ಅಂತ ಒತ್ತಿದರೆ ಒಂದು ಸಾಲು ಅಳಿಸುತ್ತೆ. ಚುಕ್ಕೆ ಒತ್ತಿದರೆ ಹಿಂದಿನ ಕೆಲಸವನ್ನೇ ಇನ್ನೊಂದು ಸಲ ಮಾಡುತ್ತೆ. ಅಮೆರಿಕದ ಬರವಣಿಗೆ ಪದ್ಧತಿಯಲ್ಲಿ ವಾಕ್ಯದ ಕೊನೆಯ ಫುಲ್‌ಸ್ಟಾಪನ್ನು ಉದ್ಧರಣ ಚಿಹ್ನೆಯ ಒಳಗೇ ಹಾಕಬೇಕು. ‘ಡಿಡಿ ಒತ್ತಿ’ ಅನ್ನೋ ಸೂಚನೆಯನ್ನ ಆ ಪದ್ಧತಿಯಲ್ಲಿ ಶುದ್ಧವಾಗಿ ಬರೆದರೆ ಚುಕ್ಕೆಯೂ ಒಳಗೆ ಸೇರಿಕೊಳ್ಳುತ್ತೆ, ಓದಿದವನು ಅದನ್ನೂ ಒತ್ತಿದರೆ ಎರಡು ಸಾಲು ಹೋಗುತ್ತೆ. ಪ್ರೋಗ್ರಾಮರ್‌ಗಳ ಪರಿಭಾಷೆಯನ್ನು ಸಂಗ್ರಹಿಸಿದ ‘ಜಾರ್ಗನ್ ಫೈಲ್’ ಇದೇ ಉದಾಹರಣೆ ಕೊಟ್ಟು, ಅದಕ್ಕೇ ನಮ್ಮ ಜನ ಚುಕ್ಕೆಯನ್ನ ಚಿಹ್ನೆಯ ಹೊರಗೆ ಇಡ್ತಾರೆ ಅನ್ನುತ್ತೆ. ವ್ಯಾಕರಣದ ಪುಸ್ತಕಕ್ಕೆ ಸರಿಯಾದದ್ದು ಓದುಗನ ಫೈಲಿಗೆ ತಪ್ಪಾಯ್ತು. ವರ್ಡ್‌ನಲ್ಲಿ ಟೈಪ್ ಮಾಡಿದ ಕಮಾಂಡಿನ ನೇರ ಉದ್ಧರಣ ಚಿಹ್ನೆಗಳು ಚೆಂದಕ್ಕೆ ಡೊಂಕಾಗಿ, ಅದನ್ನ ಕಾಪಿ ಮಾಡಿ ಟರ್ಮಿನಲ್ಲಿಗೆ ಹಾಕಿ ಅರ್ಧ ಗಂಟೆ ತಲೆ ಕೆಡಿಸಿಕೊಂಡವರು ಇದನ್ನ ಓದ್ತಾ ಇರೋರಲ್ಲೂ ಇದ್ದೀರಿ.

ಸಾಫ್ಟ್‌ವೇರಿನ ಆಚೆಗೂ ಅಷ್ಟೆ. ಅಮೆರಿಕದ ಮೇನ್ ರಾಜ್ಯದಲ್ಲಿ ಓವರ್‌ಟೈಮ್ ಕೊಡಬೇಕಿಲ್ಲದ ಕೆಲಸಗಳ ಪಟ್ಟಿ ಕಾನೂನಿನಲ್ಲಿತ್ತು. ಪಟ್ಟಿಯ ಕೊನೆಯಲ್ಲಿ ಸಾಗಣೆಗಾಗಿ ಪ್ಯಾಕ್ ಮಾಡೋದು ಮತ್ತು ವಿತರಣೆ, ನಡುವೆ ಕಾಮಾ ಇಲ್ಲ. ವಿತರಣೆಯೇ ಒಂದು ಬೇರೆ ಕೆಲಸವೋ, ಇಲ್ಲಾ ‘ಸಾಗಣೆಗೋ ವಿತರಣೆಗೋ ಪ್ಯಾಕ್ ಮಾಡೋದು’ ಅಂತ ಒಂದೇ ಕೆಲಸವೋ? ಓಕ್‌ಹರ್ಸ್ಟ್ ಡೈರಿಯ ಹಾಲಿನ ಲಾರಿ ಡ್ರೈವರ್‌ಗಳು ಪ್ಯಾಕ್ ಮಾಡ್ತಿರಲಿಲ್ಲ, ವಿತರಣೆ ಮಾತ್ರ ಮಾಡ್ತಿದ್ದರು. 2017ರಲ್ಲಿ ಮೇಲ್ಮನವಿ ಕೋರ್ಟು ಅವರ ಪರ ನಿಂತಿತು, 2018ರಲ್ಲಿ ಕಂಪನಿ 50 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು. ಒಂದು ಕಾಮಾ ಇಲ್ಲದ್ದರಿಂದ ಡ್ರೈವರ್‌ಗಳ ದುಡಿಮೆಗೆ ದುಡ್ಡು ಬಂತು.

ಈ ಎರಡೂ ಕಥೆ ನನ್ನ ಬಾಯಲ್ಲಿ ಯಾವಾಗಲೂ ರೆಡಿ ಇರ್ತವೆ. ಹೊಸಬರಿಗೆ ಟ್ರೇನಿಂಗ್ ಕೊಡುವಾಗ ಹೇಳ್ತೀನಿ. ಆದರೆ ಅವತ್ತು ಬಸ್ಸಿನಲ್ಲಿ ಅವು ನನ್ನ ಸಹಾಯಕ್ಕೆ ಬರಲಿಲ್ಲ. ಯಾಕಂದರೆ ನನ್ನ ಕಾಮಾಗಳೆಲ್ಲ ಸರಿಯಾಗಿದ್ದವು. ಫುಲ್‌ಸ್ಟಾಪು ಎಲ್ಲಿರಬೇಕೋ ಅಲ್ಲೇ ಇತ್ತು. ನಿಯಮದ ಪ್ರಕಾರ ಆ ಪುಟದಲ್ಲಿ ಒಂದೂ ತಪ್ಪಿರಲಿಲ್ಲ.

ಎರಡನೇ ವಾದ: ನಾನು ಬೇಕಾಬಿಟ್ಟಿ ತಿದ್ದಲಿಲ್ಲ. 2020ರ ಅಕ್ಟೋಬರಿನಲ್ಲಿ ನಡೆದದ್ದು ನೆನಪಿದೆಯಾ? ಡಿಜಿಟಲ್‌ಓಶನ್ ಕಂಪನಿಯ ‘ಹ್ಯಾಕ್ಟೋಬರ್‌ಫೆಸ್ಟ್’ನಲ್ಲಿ ಓಪನ್ ಸೋರ್ಸ್ ಪ್ರಾಜೆಕ್ಟುಗಳಿಗೆ ನಾಲ್ಕು ಪುಲ್ ರಿಕ್ವೆಸ್ಟ್ ಕಳಿಸಿದರೆ ಟಿ-ಶರ್ಟ್ ಸಿಗ್ತಿತ್ತು. ಸುಲಭದ ದಾರಿ ಯಾವುದು? ಯಾವುದೋ ಪ್ರಾಜೆಕ್ಟಿನ ರೀಡ್‌ಮೀ ಫೈಲಿಗೆ ಹೋಗಿ ಹೆಸರಿನ ಮುಂದೆ ‘ಅದ್ಭುತ’ ಅಂತ ಸೇರಿಸೋದು, ಒಂದು ಸ್ಪೇಸ್ ಹಾಕೋದು, ‘ಡಾಕ್ಸ್ ಸುಧಾರಿಸಿದ್ದೇನೆ’ ಅಂತ ಕಳಿಸೋದು. ಹೇಗೆ ಮಾಡೋದು ಅಂತ ಯೂಟ್ಯೂಬಿನಲ್ಲಿ ಪಾಠವೂ ಇತ್ತು. ಬಿಡುವಿನಲ್ಲಿ ಪುಕ್ಕಟೆ ಕೆಲಸ ಮಾಡೋ ಪ್ರಾಜೆಕ್ಟಿನವರು ಈ ಕಸ ಗುಡಿಸಿ ಸುಸ್ತಾದರು. ಬೈಗುಳ ನಮ್ಮ ದೇಶದ ವಿದ್ಯಾರ್ಥಿಗಳಿಗೂ ಸಾಕಷ್ಟು ಬಿತ್ತು. ಕೊನೆಗೆ ಅಕ್ಟೋಬರ್ ಮೊದಲ ವಾರದಲ್ಲೇ ನಿಯಮ ಬದಲಾಗಿ, ಒಪ್ಪಿಕೊಂಡ ಪ್ರಾಜೆಕ್ಟುಗಳಲ್ಲಿ ಮಾತ್ರ ಲೆಕ್ಕಕ್ಕೆ ಅಂತಾಯ್ತು.

ಆಗ ನಾನೂ ಆ ಹುಡುಗರನ್ನ ನೋಡಿ ನಕ್ಕಿದ್ದೆ. ಚಿಕ್ಕ ತಿದ್ದುಪಡಿ ಕಳಿಸೋದು ತಪ್ಪಲ್ಲ, ಒಂದು ಅಕ್ಷರ ಸರಿ ಮಾಡಿದರೂ ಅದು ಸೇವೆಯೇ. ಅವರ ತಪ್ಪು ಏನಂದರೆ ತಾವು ತಿದ್ದುವ ಪುಟವನ್ನ ಅವರು ಓದಿರಲಿಲ್ಲ. ಅದು ಯಾರಿಗಾಗಿ ಇದೆ ಅಂತ ಯೋಚಿಸಿರಲಿಲ್ಲ. ಟಿ-ಶರ್ಟಿನ ಕಡೆ ನೋಡ್ತಿದ್ದರು.

ಹಿರಿಯೂರಿನಲ್ಲಿ ಹೈವೇ ಬಿಟ್ಟು ಬಸ್ಸು ಹೊಸದುರ್ಗದ ರಸ್ತೆಗೆ ತಿರುಗುವಾಗ ನನ್ನ ಎರಡನೇ ವಾದವೂ ಬಿದ್ದುಹೋಯ್ತು. ನಾನು ಓದಿದ್ದೆನಾ? 43 ಕಾಮೆಂಟ್ ಹಾಕಿದವಳು ಆ ಸೂಚನೆಗಳನ್ನ ಒಂದು ಸಲವಾದರೂ ನಾನೇ ಮಾಡಿ ನೋಡಿದ್ದೆನಾ? ಇಲ್ಲ. ನಾನು ಕಾಮಾ ಹುಡುಕ್ತಾ ಇದ್ದೆ. ನನ್ನ ಟಿ-ಶರ್ಟು ಅದು.

ಮಾರನೇ ದಿನ ತಮ್ಮನಿಗೆ ದುರ್ಗದಲ್ಲಿ ಕೆಲಸವಿತ್ತು. ನಾನೂ ಬೈಕಿನ ಹಿಂದೆ ಕೂತೆ. ಹೊಳಲ್ಕೆರೆ ದಾಟುವಾಗ ಆ ಹುಡುಗನ ಊರು ಇಲ್ಲೇ ಎಲ್ಲೋ ಅಂತ ಅಡಿಕೆ ತೋಟಗಳ ಕಡೆ ನೋಡಿದೆ, ಮುಖ ತಿರುಗಿಸಿಕೊಂಡೆ. ತಮ್ಮ ಕಚೇರಿಯೊಳಗೆ ಹೋದ ಮೇಲೆ ಆಟೋ ಹಿಡಿದು ಚಂದ್ರವಳ್ಳಿಗೆ ಹೋದೆ. ಕಾಲೇಜಿನ ದಿನಗಳಿಂದಲೂ ತಲೆ ಕೆಟ್ಟಾಗ ಹೋಗ್ತಿದ್ದ ಜಾಗ.

ಅಲ್ಲಿ ಭೈರವೇಶ್ವರ ಗುಡಿಯ ಪಕ್ಕದ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಬರೀ ಮೂರು ಸಾಲು. ಕೆರೆ ಕಟ್ಟಿಸಿದ ವಿಷಯ. 1929ರಲ್ಲಿ ಎಂ.ಎಚ್. ಕೃಷ್ಣ ಅವರು ಅದನ್ನ ಓದಿ, ತ್ರೈಕೂಟಕರು, ಆಭೀರರು, ಪಲ್ಲವರು, ಪುನ್ನಾಟದವರು ಅಂತ ಮಯೂರಶರ್ಮ ಗೆದ್ದವರ ದೊಡ್ಡ ಪಟ್ಟಿಯನ್ನೇ ಕೊಟ್ಟರು. ಆಮೇಲೆ ಬಂದ ವಿದ್ವಾಂಸರಲ್ಲಿ ಕೆಲವರು ಅಷ್ಟೊಂದು ಹೆಸರು ಅಲ್ಲಿ ಕಾಣಲ್ಲ ಅಂತ ತಕರಾರು ತೆಗೆದರು. ಸವೆದ ಬಂಡೆ, ಪದದ ನಡುವೆ ಜಾಗ ಬಿಡದ ಬರಹ, ಕಾಮಾ ಇಲ್ಲ, ಚುಕ್ಕೆ ಇಲ್ಲ. ಎಲ್ಲಿ ಒಡೆದು ಓದಬೇಕು ಅನ್ನೋದರ ಮೇಲೆ ಒಬ್ಬ ರಾಜ ಎಷ್ಟು ದೂರದವರೆಗೆ ಗೆದ್ದ ಅನ್ನೋದು ನಿಂತಿದೆ.

ಇಂಥ ಬರಹಗಳನ್ನ ಅಚ್ಚು ಹಾಕುವವರಿಗೂ ಒಂದು ಸ್ಟೈಲ್ ಗೈಡ್ ಇದೆ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 11ನೇ ಸಂಪುಟ ನಮ್ಮ ಜಿಲ್ಲೆಯದ್ದು, 1903ರಲ್ಲಿ ಬಂತು. ಅಲ್ಲಿಂದ ಇಲ್ಲಿಯವರೆಗೆ ಶಾಸನ ಓದುವವರು ಬೆಳೆಸಿಕೊಂಡು ಬಂದ ರೂಢಿ ಹೀಗೆ: ಅಕ್ಷರ ಸವೆದು ಅನುಮಾನ ಇದ್ದರೆ ಚೌಕ ಬ್ರಾಕೆಟ್ಟಿನಲ್ಲಿ ಹಾಕ್ತಾರೆ. ಪೂರಾ ಹೋಗಿದ್ದರೆ ಚುಕ್ಕೆಗಳು. ಕಲ್ಲು ಕೆತ್ತಿದವನೇ ತಪ್ಪು ಮಾಡಿದ್ದರೆ ಆ ತಪ್ಪನ್ನ ಇದ್ದ ಹಾಗೇ ಬರೆದು, ಸರಿಪಾಠವನ್ನ ಅದರ ಪಕ್ಕದಲ್ಲಿ ಗುಂಡು ಬ್ರಾಕೆಟ್ಟಿನೊಳಗೆ ಇಡ್ತಾರೆ. ಸಾವಿರಾರು ವರ್ಷದ ಹಿಂದೆ ಸತ್ತುಹೋದ ಒಬ್ಬ ಕುಟಿಗನ ವಾಕ್ಯಕ್ಕೆ ಇಷ್ಟು ಮರ್ಯಾದೆ. ಅವನ ಮಾತನ್ನ ಅಳಿಸಲ್ಲ. ತಮ್ಮ ಅನುಮಾನವನ್ನೂ ಮುಚ್ಚಿಡಲ್ಲ. ಆ ಬ್ರಾಕೆಟ್ಟುಗಳಿಂದ ಪುಟ ಗಲೀಜಾಗಿ ಕಾಣುತ್ತೆ ನಿಜ. ಆದರೆ ಯಾವುದು ಗೊತ್ತು, ಯಾವುದು ಊಹೆ ಅಂತ ನೂರು ವರ್ಷದ ಮೇಲೆ ಬರುವವರಿಗೂ ತಿಳಿಯುತ್ತೆ. ಮಯೂರಶರ್ಮನ ಬಗ್ಗೆ ಇವತ್ತೂ ಜಗಳ ಆಡೋಕೆ ಸಾಧ್ಯವಾಗಿರೋದು ಅದರಿಂದಲೇ.

ನಾನು ಮಾಡಿದ್ದು ಏನು? ಹುಡುಗ ಹಾಕಿದ್ದ ಬ್ರಾಕೆಟ್ಟುಗಳನ್ನ ಕಿತ್ತು ಹಾಕಿದ್ದೆ. ‘ಸಾಮಾನ್ಯವಾಗಿ’, ‘ಅನ್ನಿಸುತ್ತದೆ’ ಇವು ಅವನ ಕೆಟ್ಟ ಇಂಗ್ಲಿಷಿನ ಭಾಗ ಅಂದುಕೊಂಡಿದ್ದೆ. ಅವು ಅವನಿಗೆ ಗೊತ್ತಿದ್ದದ್ದರ ಗಡಿಗಲ್ಲುಗಳು.

ಅಲ್ಲೇ ಕೂತಿದ್ದಾಗ ಇನ್ನೊಬ್ಬ ನೆನಪಾದ. ನಮ್ಮ ಜಿಲ್ಲೆಯ ಆ ತುದಿಯಲ್ಲಿ, ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಈ ಮೂರು ಕಡೆ ಅಶೋಕನ ಶಾಸನಗಳಿವೆ. ರೈಸ್ ಅವರೇ 1892ರಲ್ಲಿ ಬೆಳಕಿಗೆ ತಂದದ್ದು. ಬರೆದು ಸುಮಾರು 2,250 ವರ್ಷ. ಅದೂ ಒಂದು ಡಾಕ್ಯುಮೆಂಟೇಶನ್ನೇ ಅಂದುಕೊಳ್ಳಿ: ತಂದೆತಾಯಿಯ ಮಾತು ಕೇಳಿ, ಜೀವಿಗಳಿಗೆ ದಯೆ ತೋರಿಸಿ, ಸತ್ಯ ಹೇಳಿ ಅಂತ ಪ್ರಜೆಗಳಿಗೆ ಕೊಟ್ಟ ಸೂಚನೆ. ಸುವರ್ಣಗಿರಿಯ ಅಧಿಕಾರಿಗಳು ಇಸಿಲದ ಅಧಿಕಾರಿಗಳಿಗೆ ಕ್ಷೇಮ ಕೇಳಿ ಬರೆದ ಒಕ್ಕಣೆಯೂ ಕಲ್ಲಿನ ಮೇಲಿದೆ. ನಾವು ಫಾರ್ವರ್ಡ್ ಮಾಡಿದ ಮೇಲಿನ ತಲೆಬರಹ ಅಳಿಸದೆ ಪ್ರಿಂಟ್ ತೆಗೆದ ಹಾಗೆ! ಅದರಲ್ಲಿ 256 ಅನ್ನೋ ಒಂದು ಅಂಕಿ ಬರುತ್ತೆ. 256 ರಾತ್ರಿಗಳ ಪ್ರವಾಸವೋ, ಬುದ್ಧನ ನಂತರದ ವರ್ಷಗಳೋ ಅಂತ ವಿದ್ವಾಂಸರು ತಲೆ ಕೆಡಿಸಿಕೊಂಡಿದ್ದಾರೆ. ಬರೆದವನು ‘256 ಏನು’ ಅಂತ ಇನ್ನೊಂದು ಪದ ಹಾಕಿದ್ದರೆ ಸಾಕಿತ್ತು. ಅವತ್ತಿನ ಓದುಗನಿಗೆ ಅದು ಗೊತ್ತಿದ್ದಿರಬೇಕು.

ಆ ಶಾಸನದ ಕೊನೆಯಲ್ಲಿ ಬರೆದವನು ತನ್ನ ಹೆಸರು ಹಾಕಿದ್ದಾನೆ. ಚಪಡ. ಶಾಸನ ಪೂರ್ತಿ ಬ್ರಾಹ್ಮಿಯಲ್ಲಿ, ‘ಲಿಪಿಕಾರ’ ಅನ್ನೋ ತನ್ನ ವೃತ್ತಿಯ ಪದ ಮಾತ್ರ ಖರೋಷ್ಠಿಯಲ್ಲಿ. ಅದು ವಾಯವ್ಯ ಭಾರತದ ಲಿಪಿ, ಬಲದಿಂದ ಎಡಕ್ಕೆ ಓದೋದು. ಗಾಂಧಾರದ ಕಡೆಯಿಂದ ನಮ್ಮ ಬಯಲುಸೀಮೆಗೆ ಕೆಲಸಕ್ಕೆ ಬಂದವನಿರಬೇಕು ಅಂತ ಊಹಿಸ್ತಾರೆ. ಇಸಿಲದಲ್ಲಿ ಆ ಪದವನ್ನ ಓದಬಲ್ಲವರು ಎಷ್ಟು ಜನ ಇದ್ದರೋ. ಆದರೂ ಹಾಕಿದ.

ಅದೇ ಅಶೋಕ ತನ್ನ 14ನೇ ಬಂಡೆಶಾಸನದಲ್ಲಿ ಇನ್ನೊಂದು ಮಾತು ಹೇಳ್ತಾನೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕ ಕಲ್ಲಿನಲ್ಲೂ ಆ ಶಾಸನ ಇದೆ. ಈ ಬರಹಗಳಲ್ಲಿ ಎಲ್ಲಾದರೂ ಅರೆಕೊರೆ ಕಂಡರೆ ಅದಕ್ಕೆ ಜಾಗ ಕಾರಣ ಇರಬಹುದು, ಇಲ್ಲವೇ ಲಿಪಿಕಾರನ ತಪ್ಪು ಕಾರಣ ಇರಬಹುದು ಅನ್ನೋ ಅರ್ಥದ ಮಾತು. ಚಕ್ರವರ್ತಿಗೂ ಮನುಷ್ಯರ ಕೈಯ ತಪ್ಪಿನ ಅರಿವಿತ್ತು, ಅದನ್ನ ಬಹಿರಂಗವಾಗಿ ಬರೆಸಿದ, ಒಳ್ಳೇದೇ. ಆದರೆ ನನಗೆ ಆವತ್ತು ಕುಟುಕಿದ್ದು ಬೇರೆ. ಆ ವಾಕ್ಯವನ್ನೂ ಕಲ್ಲಿಗೆ ಇಳಿಸಿದವನು ಒಬ್ಬ ಲಿಪಿಕಾರನೇ. ತಪ್ಪಾದರೆ ನನ್ನದು ಅಂತ ತಾನೇ ಬರೆದುಕೊಂಡ. ಮೇಲಿನಿಂದ ಬಂದ ಕರಡಿನಲ್ಲೇ ತಪ್ಪಿದ್ದರೂ ಹೆಸರು ಅವನದ್ದೇ.

ಹೊಳಲ್ಕೆರೆಯ ಹುಡುಗನೂ ಅದನ್ನೇ ಮಾಡಿದ್ದ. ಕರಡು ಕೆಡಿಸಿದವಳು ನಾನು, ಸಾರಿ ಕೇಳಿದವನು ಅವನು.

ಭಾನುವಾರ ಬೆಳಿಗ್ಗೆ ಅಪ್ಪನ ಜೊತೆ ತೋಟಕ್ಕೆ ಹೋದೆ. ತೆಂಗಿಗೆ ನೀರು ಬಿಡಬೇಕಿತ್ತು. ಪಂಪ್‌ಹೌಸಿನ ಗೋಡೆಯ ಮೇಲೆ ಸ್ಟಾರ್ಟರಿನ ಪಕ್ಕ ಅಪ್ಪ ವರ್ಷಗಳ ಹಿಂದೆ ಇದ್ದಿಲಿನಲ್ಲಿ ಬರೆದ ಸೂಚನೆ ಇದೆ. ತಾವಿಲ್ಲದಾಗ ಮೋಟರ್ ಹಾಕುವ ಆಳುಮಕ್ಕಳಿಗೆ, ನಮಗೆ ಬರೆದದ್ದು. ಹೈಸ್ಕೂಲಿನಲ್ಲಿದ್ದಾಗ ಅದರ ಕಾಗುಣಿತ ತಿದ್ದೋಕೆ ಹೋಗಿ ಬೈಸಿಕೊಂಡಿದ್ದೆ. ಅಲ್ಲಿರೋದು ಇಷ್ಟು:

‘ಗೇಟ್ ವಾಲ್ ತೆಗೆದಿದೆಯಾ ನೋಡಿ ಮೊಟರ್ ಹಾಕು ಮುಳ್ಳು ಕೆಳಗೆ ಬಿದ್ರೆ ನೀರಿಲ್ಲ ಬಂದ್ ಮಾಡು ಒಂದೊಂದು ಸಲ ಮುಳ್ಳು ಸುಳ್ಳು ಹೇಳುತ್ತೆ ಪೈಪ್ ಮುಟ್ಟಿ ನೋಡು.’

ಕಾಮಾ ಇಲ್ಲ. ಫುಲ್‌ಸ್ಟಾಪ್ ಇಲ್ಲ. ‘ಮೊಟರ್’ಗೆ ದೀರ್ಘ ಇಲ್ಲ. ಬೋರ್‌ವೆಲ್ಲಿನಲ್ಲಿ ನೀರು ಕಮ್ಮಿಯಾಗಿ ಮೋಟರ್ ಒಣಗಿ ತಿರುಗಿದರೆ ಆಂಪ್ ಮೀಟರಿನ ಮುಳ್ಳು ಇಳಿಯುತ್ತೆ, ಆಗ ನಿಲ್ಲಿಸದಿದ್ದರೆ ಮೋಟರ್ ಸುಟ್ಟುಹೋಗುತ್ತೆ. ನಮ್ಮ ಮೀಟರ್ ಹಳೇದು, ಒಮ್ಮೊಮ್ಮೆ ಸಿಕ್ಕಿಕೊಂಡು ನಿಲ್ಲುತ್ತೆ. ಆದ್ದರಿಂದ ಪೈಪ್ ಮುಟ್ಟಬೇಕು. ನೀರು ಹರೀತಿದ್ದರೆ ತಣ್ಣಗಿರುತ್ತೆ, ಅದುರು ಗೊತ್ತಾಗುತ್ತೆ.

‘ಅಪ್ಪಾ, ಮುಳ್ಳು ಸುಳ್ಳು ಹೇಳುತ್ತೆ ಅಂತ ಯಾಕೆ ಬರೆದ್ರಿ? ಬರೀ ಪೈಪ್ ಮುಟ್ಟಿ ನೋಡು ಅಂದ್ರೆ ಆಗ್ತಿರ್ಲಿಲ್ವಾ?’

‘ಮುಳ್ಳು ನೆಟ್ಟಗೆ ಕಂಡ್ರೆ ಪೈಪ್ ಯಾರು ಮುಟ್ತಾರಮ್ಮ? ಅನುಮಾನ ಇದ್ರೆ ತಾನೆ ಮುಟ್ಟೋದು,’ ಅಂದರು. ಅಂದು ಕಾಲುವೆ ತಿರುಗಿಸೋಕೆ ಗುದ್ದಲಿ ಹಿಡಿದು ಹೋದರು.

ನಮ್ಮ ಗೈಡಿನ ನಿಯಮಕ್ಕೆ ಒಂದು ಸಮರ್ಥನೆ ಇದೆ, ಅದನ್ನ ಹೇಳದೇ ಇದ್ದರೆ ಅನ್ಯಾಯ. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದು, ಮ್ಯಾನೇಜರ್ ಫೋನ್ ಮೇಲೆ ಫೋನ್ ಮಾಡ್ತಿರುವಾಗ ಪುಟ ತೆರೆದವನಿಗೆ ‘ಬಹುಶಃ’, ‘ಇರಬಹುದು’, ‘ಅನ್ನಿಸುತ್ತದೆ’ ಅಂತ ಸಿಕ್ಕರೆ ಏನು ಮಾಡಬೇಕು? ಬರೆದವನು ತನ್ನ ಅನುಮಾನವನ್ನ ಓದುಗನ ತಲೆಗೆ ಕಟ್ಟಿ ಕೈ ತೊಳೆದುಕೊಂಡ ಹಾಗಾಯ್ತು. ಎಲ್ಲಾ ವಾಕ್ಯಕ್ಕೂ ‘ಬಹುದು’ ಸೇರಿಸುವ ಬರಹಗಾರ ಪ್ರಾಮಾಣಿಕ ಅಲ್ಲ, ಪುಕ್ಕಲ. ‘ಸುಲಭವಾಗಿ’, ‘ಸುಮ್ಮನೆ’ ಅನ್ನೋ ಪದಗಳನ್ನ ಕೀಳುವ ನಿಯಮವೂ ನನಗೆ ಇಷ್ಟವೇ. ‘ಸುಲಭವಾಗಿ ಇನ್‌ಸ್ಟಾಲ್ ಮಾಡಿ’ ಅಂತ ಓದಿ ಮಾಡೋಕಾಗದೆ ಕೂತವನಿಗೆ ತಾನು ದಡ್ಡ ಅನ್ನಿಸುತ್ತೆ. ಕನ್ನಡದಲ್ಲಿ ಬಟನ್ ಮೇಲೆ ‘ಅಳಿಸು’ ಅಂತಿರಬೇಕೋ ‘ಅಳಿಸಿ’ ಅಂತಿರಬೇಕೋ ಅನ್ನೋದೂ ಇಂಥದ್ದೇ. ಯಂತ್ರಕ್ಕೆ ನಾವು ಹೇಳೋದಾದರೆ ‘ಅಳಿಸು’, ಮನುಷ್ಯರಿಗೆ ಯಂತ್ರ ಹೇಳೋದಾದರೆ ‘ಅಳಿಸಿ’. ಒಂದು ಗುಣಿತದಲ್ಲಿ ಮರ್ಯಾದೆ ಇದೆ. ಸ್ಟೈಲ್ ಅನ್ನೋದು ಬರೀ ಚೆಂದದ ವಿಷಯ ಅಂತ ನಾನು ಯಾವತ್ತೂ ಒಪ್ಪಲ್ಲ.

ಹಾಗಾದರೆ ಅನುಮಾನವನ್ನ ಏನು ಮಾಡೋದು? ಇಟ್ಟರೆ ಓದುಗ ಕಂಗಾಲು, ಕಿತ್ತರೆ ಸುಳ್ಳು. ಉತ್ತರ ಪಂಪ್‌ಹೌಸಿನ ಗೋಡೆಯ ಮೇಲೇ ಇತ್ತು. ಅಪ್ಪ ಅನುಮಾನ ಹೇಳಿ ನಿಲ್ಲಿಸಿಲ್ಲ, ಅದನ್ನ ಪರೀಕ್ಷೆ ಮಾಡುವ ದಾರಿಯನ್ನೂ ಕೊಟ್ಟಿದ್ದಾರೆ. ಮುಳ್ಳು ಸುಳ್ಳು ಹೇಳುತ್ತೆ, ಪೈಪ್ ಮುಟ್ಟು. ಹುಡುಗನ ವಾಕ್ಯ ಸರಿಯಾಗಬೇಕಿದ್ದದ್ದು ಹೀಗೆ: ‘ಬ್ಯಾಕಪ್ ಮುಗಿಯಲು ಬೇಕಾದ ಸಮಯ ನಿಮ್ಮ ಡೇಟಾದ ಗಾತ್ರದ ಮೇಲೆ ನಿಂತಿದೆ. ಸ್ಥಿತಿ ಪೂರ್ಣ ಎಂದು ಕಾಣುವವರೆಗೆ ಕಾಯಿರಿ. ನಂತರ ಹಳೆಯ ಫೋಲ್ಡರನ್ನು ಡಿಲೀಟ್ ಮಾಡಿ.’ ಇದರಲ್ಲೂ ಒಂದು ‘ಬಹುದು’ ಇಲ್ಲ, ನಮ್ಮ ಗೈಡಿಗೂ ಒಪ್ಪಿಗೆ. ಆದರೆ ಇದನ್ನ ಬರೆಯೋಕೆ ನನಗೆ ಇಂಗ್ಲಿಷ್ ಚೆನ್ನಾಗಿ ಬಂದರೆ ಸಾಲದು. ಹುಡುಗನನ್ನ ಕರೆದು ‘ನಿನಗೆ ಯಾಕೆ ಹಾಗನ್ನಿಸುತ್ತೆ?’ ಅಂತ ಒಂದು ಮಾತು ಕೇಳಬೇಕಿತ್ತು. 43 ಕಾಮೆಂಟಿನಲ್ಲಿ ಒಂದೂ ಪ್ರಶ್ನೆ ಇರಲಿಲ್ಲ. ಎಲ್ಲವೂ ಅಪ್ಪಣೆಗಳೇ.

ಸೋಮವಾರ ಬೆಳಿಗ್ಗೆ ಘಟನೆಯ ವರದಿ ತೆರೆದು, ಆ ಪುಟದ ಹಳೇ ಆವೃತ್ತಿ, ಹೊಸ ಆವೃತ್ತಿ ಎರಡನ್ನೂ ಅಕ್ಕಪಕ್ಕ ಹಾಕಿ, ಮಧ್ಯೆ ಬದಲಾಯಿಸಿದವಳು ನಾನು ಅಂತ ಬರೆದೆ. ವರ್ಷನ್ ಹಿಸ್ಟರಿಯಲ್ಲಿ ಅದು ಮೊದಲಿಂದಲೂ ಇತ್ತು, ಯಾರಾದರೂ ನೋಡಬಹುದಿತ್ತು. ಯಾರೂ ನೋಡಿರಲಿಲ್ಲ, ನಾನು ತೋರಿಸಿರಲಿಲ್ಲ. ಮ್ಯಾನೇಜರ್ ‘ಥ್ಯಾಂಕ್ಸ್ ಫಾರ್ ದ ಕ್ಲಾರಿಟಿ’ ಅಂತ ಒಂದು ಸಾಲು ಹಾಕಿದರು, ಅಷ್ಟೆ. ನಾನು ಮೂರು ದಿನ ಹೆದರಿದ್ದಷ್ಟು ದೊಡ್ಡದೇನೂ ಆಗಲಿಲ್ಲ. ಆ ಮೂರು ದಿನ ಹುಡುಗ ಹೇಗಿದ್ದ ಅನ್ನೋದು ಮಾತ್ರ ನನಗೆ ಈಗಲೂ ಗೊತ್ತಿಲ್ಲ, ಕೇಳುವ ಧೈರ್ಯ ಬಂದಿಲ್ಲ.

ಕ್ಯಾಂಟೀನಿನಲ್ಲಿ ಸಿಕ್ಕ. ನಾನೇ ಮಾತು ತೆಗೆದೆ.

‘ನೀನು ಬರೆದಿದ್ದೇ ಸರಿ ಇತ್ತು. ನಾನು ಕೆಡಿಸಿದೆ. ಆವತ್ತೇ ಹೇಳಬೇಕಿತ್ತು.’

‘ಬಿಡಿ ಅಕ್ಕಾ,’ ಅಂದ. ಸ್ವಲ್ಪ ಹೊತ್ತು ಟೀ ಲೋಟ ತಿರುಗಿಸ್ತಾ ಇದ್ದ. ‘ನಂಗೆ ಆ ಹತ್ತು ನಿಮಿಷದ್ದು ಡೌಟೇ ಇತ್ತು. ನನ್ನ ಮಷೀನಲ್ಲಿ ಮಾತ್ರ ನೋಡಿದ್ದೆ. ಆದ್ರೆ ನೀವು ತಿದ್ದಿದ್ದೀರ ಅಂದ್ಮೇಲೆ ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ.’

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನನಗೆ ಗೊತ್ತಿದ್ದದ್ದು ಕಾಮಾ. ಅವನಿಗೆ ಗೊತ್ತಿದ್ದದ್ದು ವಿಷಯ. ನನ್ನ ಇಂಗ್ಲಿಷು ಅವನದ್ದಕ್ಕಿಂತ ನುಣುಪು ಅನ್ನೋ ಒಂದೇ ಕಾರಣಕ್ಕೆ ಅವನು ತನ್ನ ಅನುಮಾನವನ್ನೇ ಅನುಮಾನಿಸಿದ. ನಮ್ಮ ಆಫೀಸುಗಳಲ್ಲಿ ಇದು ದಿನಾ ನಡೆಯುತ್ತೆ. ಕನ್ನಡ ಮೀಡಿಯಂನಿಂದ ಬಂದವನ ವಾಕ್ಯ ತಿದ್ದುವಾಗ ಅವನ ತಿಳಿವಳಿಕೆಯನ್ನೂ ತಿದ್ದಿಬಿಡ್ತೀವಿ, ಅವನು ಅಕ್ಸೆಪ್ಟ್ ಒತ್ತುತ್ತಾನೆ.

ಈಗ ನಾನು ಎರಡು ಕೆಲಸ ಮಾಡ್ತೀನಿ. ಮೊದಲ ಕಾಮಾ ಮುಟ್ಟುವ ಮುಂಚೆ ಪುಟದ ಹೆಜ್ಜೆಗಳನ್ನ ನಾನೇ ಮಾಡಿ ನೋಡ್ತೀನಿ. ಇದರಿಂದ ನನ್ನ ಕೆಲಸ ನಿಧಾನ ಆಗಿದೆ, ಅದಕ್ಕೆ ಮಾತು ಕೇಳಿದ್ದೂ ಆಗಿದೆ. ಎರಡನೇದು, ‘ಅನ್ನಿಸುತ್ತದೆ’ ಅಂತ ಎಲ್ಲೇ ಕಂಡರೂ ಕೀಳಲ್ಲ, ಪಕ್ಕದಲ್ಲಿ ಪ್ರಶ್ನೆ ಬರೀತೀನಿ.

ಹೋದ ವಾರ ಆ ಹುಡುಗ ಹೊಸ ಪುಟ ಕಳಿಸಿದ. ಎರಡು ಕಡೆ ‘ಐ ಥಿಂಕ್’ ಇತ್ತು. ಎರಡಕ್ಕೂ ‘ಯಾಕೆ?’ ಅಂತ ಹಾಕಿದೆ. ಒಂದಕ್ಕೆ ಅವನು ಟೆಸ್ಟ್ ಮಾಡಿ ಉತ್ತರ ಕಳಿಸಿದ, ಆ ಸಾಲು ಖಚಿತ ಆಯ್ತು. ಇನ್ನೊಂದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅದನ್ನ ಬರೆದ ಎಂಜಿನಿಯರ್ ಹತ್ತಿರ ಇಬ್ಬರೂ ಎದ್ದು ಹೋದೆವು. ಅವರು ಸ್ಕ್ರೀನ್ ನೋಡಿ ತಲೆ ಕೆರೆದುಕೊಂಡು, ‘ಇದನ್ನ ಇದುವರೆಗೂ ಯಾರೂ ಕೇಳೇ ಇಲ್ವಲ್ಲ,’ ಅಂದರು.